ಎರಡು ಬೆರಳು ಜಾಗ

ನಾನು ಒಂದು ದಮ್ಮಸು. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ನಿಮ್ಮ ಕಡೆ ಮನೆ ಕಟ್ಟುವಾಗ ಪಾಯಕ್ಕೆ ಮಣ್ಣು ತುಂಬಿ, ಧಿಮ್ ಧಿಮ್ ಎಂದು ಬಡಿದು ಗಟ್ಟಿ ಮಾಡುವ ಭಾರದ ಸಾಮಾನು ಇರುತ್ತದಲ್ಲ, ನಾನು ಅದೇ ಜಾತಿ. ಒಂದು ದಪ್ಪ ಮರದ ತುಂಡು, ಅದಕ್ಕೊಂದು ಉದ್ದನೆಯ ಹಿಡಿ, ಅಷ್ಟೇ. ನನ್ನ ಮುಖವೆಲ್ಲ ತಳದಲ್ಲೇ ಇರುವುದರಿಂದ ಮನುಷ್ಯರನ್ನು ನಾನು ಪಾದದಿಂದಲೇ ಗುರುತಿಸುವುದು. ಮುಖ ಸುಳ್ಳು ಹೇಳಬಹುದು, ಹೆಜ್ಜೆಗುರುತಿಗೆ ಆ ವಿದ್ಯೆ ಬಾರದು.

ನಾನು ಹುಟ್ಟಿದ್ದು ಜಪಾನಿನ ಒಂದು ಬಂದರು ಊರಿನಲ್ಲಿ, ದೋಣಿ ಕಟ್ಟುವವನೊಬ್ಬನ ಅಂಗಳದಲ್ಲಿ. ದೋಣಿಗೆ ಉಪಯೋಗವಾಗದೆ ಮಿಕ್ಕ ಮರದ ತುಂಡು ನಾನು. ಆ ದೋಣಿಕಾರನ ತಮ್ಮ ಇನೋಕುಮಾ ಎಂಬಾತ ನನ್ನನ್ನು ಎತ್ತಿ ನೋಡಿ, ಬೆರಳಿನಿಂದ ತಟ್ಟಿ, "ಇದು ನನಗಿರಲಿ ಅಣ್ಣ" ಎಂದ. ಸಮುದ್ರ ನೋಡಬೇಕಾಗಿದ್ದವನು ಹೀಗೆ ಮಣ್ಣಿನ ಪಾಲಾದೆ. ಬೇಸರವೇನಿಲ್ಲ. ನೀರಿನ ಮೇಲೆ ಹೆಜ್ಜೆಗುರುತು ಎಲ್ಲಿ ಉಳಿಯುತ್ತದೆ?

ಇನೋಕುಮಾ ಆ ಊರಿನ ಬೇಸ್‌ಬಾಲ್ ಮೈದಾನ ನೋಡಿಕೊಳ್ಳುವವನು. ನೀವು ಕ್ರಿಕೆಟ್ ನೋಡುವ ಜನ, ಪಿಚ್ ಎಂದರೆ ಎಷ್ಟು ಜಗಳ ಎಂಬುದು ನಿಮಗೆ ಗೊತ್ತು. ಬೇಸ್‌ಬಾಲಿನಲ್ಲಿ ಜಗಳವೆಲ್ಲ ಒಂದು ಪುಟ್ಟ ದಿಬ್ಬದ ಮೇಲೆ. ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು. ನೆತ್ತಿಯಲ್ಲಿ ಒಂದು ಬಿಳಿ ರಬ್ಬರ್ ಪಟ್ಟಿ. ಎಸೆತಗಾರ ಆ ಪಟ್ಟಿಗೆ ಒಂದು ಕಾಲು ಊರಿ, ಇನ್ನೊಂದನ್ನು ಎತ್ತಿ, ಇಳಿಜಾರಿನಲ್ಲಿ ದೊಡ್ಡದೊಂದು ಹೆಜ್ಜೆ ಇಟ್ಟು ಚೆಂಡೆಸೆಯುತ್ತಾನೆ. ಆ ಹೆಜ್ಜೆ ಬಿದ್ದಲ್ಲೆಲ್ಲ ಗುಂಡಿ. ಪಂದ್ಯ ಮುಗಿದ ಮೇಲೆ ಆ ಗುಂಡಿ ಮುಚ್ಚಿ ಬಡಿಯುವುದೇ ನನ್ನ ಕೆಲಸ.

ನಮ್ಮ ದಿಬ್ಬದ್ದು ಕಪ್ಪು ಮಣ್ಣು, ಮೆತ್ತಗಿನದು. ಅದನ್ನು ಬಡಿಯುವುದಕ್ಕೂ ಒಂದು ಹದವಿದೆ. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ಚುಚ್ಚಿದರೆ ಎರಡು ಹೋಳಾಗಬೇಕು. ಒಣಗಿದ್ದರೆ ಬಡಿದೂ ವ್ಯರ್ಥ, ಒದ್ದೆ ಹೆಚ್ಚಾದರೆ ಕೆಸರು. ಇನೋಕುಮಾನಿಗೆ ಇದನ್ನು ಅವನ ಗುರು ಕಲಿಸಿದ್ದ. ಇಪ್ಪತ್ತು ವರ್ಷ ನಾವಿಬ್ಬರೂ ಹೀಗೇ ಕಳೆದೆವು. ನಮ್ಮ ಆಟಗಾರರು ಮೈದಾನಕ್ಕೆ ಕಾಲಿಡುವಾಗ ಟೋಪಿ ತೆಗೆದು ಬಾಗುತ್ತಿದ್ದರು. ಎಸೆತಗಾರ ತನ್ನ ಸರದಿ ಮುಗಿದಾಗ ತಾನು ಮಾಡಿದ ಗುಂಡಿಯನ್ನು ಮುಂದಿನವನಿಗಾಗಿ ಕಾಲಿನಿಂದಲೇ ಸವರಿ ಸರಿಮಾಡಿ ಇಳಿಯುತ್ತಿದ್ದ. ಊಟ ಮಾಡಿದ ಎಲೆ ತಾನೇ ತೆಗೆಯುವ ಹಾಗೆ.

ಆಮೇಲೆ ಬಂದ ಅಮೆರಿಕದ ವೇಡ್.

ಮೊದಲು ಕಂಡದ್ದು ಅವನ ಬೂಟು. ಅಬ್ಬಾ! ನನ್ನ ಅಗಲವನ್ನೂ ಮೀರಿಸುವ ಬೂಟು! ಅವನ ದೇಶದ ಎಸೆತಗಾರರು ಸಾಮಾನ್ಯವಾಗಿ ನಮ್ಮವರಿಗಿಂತ ಗಿಡ್ಡ ಹೆಜ್ಜೆ ಇಡುತ್ತಾರಂತೆ. ಇವನದು ಮಾತ್ರ ಕೊಕ್ಕರೆ ಕಾಲು. ಬಂದವನೇ ದಿಬ್ಬ ಹತ್ತಿ, ಬಿಳಿ ಪಟ್ಟಿಯ ಮುಂದೆ ಬೂಟಿನ ಮೊಳೆಗಳಿಂದ ಪರಪರ ಕೆರೆದು ಗುಂಡಿ ತೋಡಿದ. ಅಲ್ಲಿ ಅದು ವಾಡಿಕೆಯಂತೆ. ಇನೋಕುಮಾ ದೂರದಲ್ಲಿ ನನ್ನ ಹಿಡಿ ಹಿಡಿದು ನಿಂತಿದ್ದ. ಅವನ ಕೈ ಬಿಗಿಯಾದದ್ದು ನನಗೆ ತಿಳಿಯಿತು. ತನ್ನ ಕೆನ್ನೆಯನ್ನೇ ಕೆರೆದಂತಾಗಿತ್ತು ಅವನಿಗೆ.

ವೇಡ್ ಎಸೆಯತೊಡಗಿದ, ಸೋಲತೊಡಗಿದ. ಕಾರಣ ನಾನು ಬಲ್ಲೆ. ಅವನೂರಿನ ದಿಬ್ಬಗಳು ಗಟ್ಟಿ ಜೇಡಿಮಣ್ಣಿನವು. ಕಾಲೂರಿದರೆ ಗೋಡೆಗೆ ಹೊಡೆದ ಮೊಳೆ. ಇಲ್ಲಿ ಕಾಲು ಮೂರು ಬೆರಳು ಜಾರುತ್ತಿತ್ತು. ಕೆಳಗೆ ಮೂರು ಬೆರಳು ಜಾರಿದರೆ ಚೆಂಡು ಅತ್ತ ಒಂದು ಮೊಳ ಮೇಲಕ್ಕೆ. ತಂಡವೊಂದರಲ್ಲಿ ಹೊರದೇಶದವರು ಇಷ್ಟೇ ಜನ ಎಂಬ ನಿಯಮ ಬೇರೆ. ಇವನ ಜಾಗಕ್ಕೆ ಇನ್ನೊಬ್ಬ ಕಾದು ಕುಳಿತಿದ್ದ. ಜುಲೈ ಮುಗಿಯುವುದರೊಳಗೆ ಸರಿಹೋಗದಿದ್ದರೆ ಮನೆಗೆ ಹೊರಡು ಎಂದು ತರಬೇತುದಾರ ಹೇಳಿಬಿಟ್ಟ. ವೇಡ್‌ಗೆ ಮೂವತ್ತಮೂರು. ಅವನ ದೇಶದಲ್ಲಿ ಅವನನ್ನು ಕರೆಯುವವರು ಯಾರೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯಿತು. ಒಳಗೆ ಬಂದದ್ದು ಆ ದೊಡ್ಡ ಬೂಟು. ಹೇಳದೆ ಕೇಳದೆ ನನ್ನನ್ನು ಹೊತ್ತೊಯ್ದು, ಒಣ ಮಣ್ಣಿನ ಮೇಲೆ ರಾಕ್ಷಸನಂತೆ ಬಡಿದ. ನೀರಿಲ್ಲ, ಹದವಿಲ್ಲ. ಮೇಲೆ ಹಪ್ಪಳ, ಒಳಗೆ ಹಿಟ್ಟು. ಹದಿನೈದನೇ ಏಟಿಗೆ ನನ್ನ ಹಿಡಿ ಟಕ್ ಎಂದು ಸೀಳಿತು.

ಇನೋಕುಮಾ ಓಡಿ ಬಂದ. ಹಿಂದೆ ದುಭಾಷಿ ಕುರಾಟಾ, ಏದುಸಿರು ಬಿಡುತ್ತ.

"ಇವರಿಗೆ ಕೇಳ್ರಿ, ನನ್ನ ಸಾಮಾನು ಮುಟ್ಟೋಕೆ ಯಾರು ಹೇಳಿದ್ರು ಅಂತ!" ಇನೋಕುಮಾ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕುರಾಟಾ ಕೇಳಿದ. ವೇಡ್ ಏನೋ ಅಂದ.

"ತಪ್ಪಾಯ್ತು ಅಂತಿದ್ದಾರೆ. ಚೆಂಡೆಸೆಯೋದು ಬಿಟ್ರೆ ತನಗೆ ಬೇರೇನೂ ಬರಲ್ಲವಂತೆ. ಕಾಲು ನಿಂತ್ರೆ ತಾನೂ ನಿಲ್ತೀನಿ ಅಂತಾರೆ."

ಇನೋಕುಮಾ ನನ್ನ ಸೀಳಿಗೆ ಸೆಣಬಿನ ಹುರಿ ಸುತ್ತಿ ಬಿಗಿದ. ಮುನಿಸೇನೋ ಇತ್ತು. ಆದರೆ ಪಂದ್ಯ ಮುಗಿದ ಮರುದಿನ ಗುಂಡಿ ಮುಚ್ಚಲು ಬಂದವನು ಮುಚ್ಚದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಗೇಣು ಹಾಕಿ ಅಳೆದ. ಮತ್ತೊಮ್ಮೆ ಅಳೆದ. ನಮ್ಮ ಹಿರಿಯ ಎಸೆತಗಾರ ಒಗುರಿ ಮತ್ತು ಉಳಿದವರ ಗುಂಡಿಗಳೆಲ್ಲ ಒಂದೇ ಕಡೆ, ಒಂದರ ಮೇಲೊಂದು. ವೇಡ್‌ನ ಗುಂಡಿ ಮಾತ್ರ ಅವಕ್ಕಿಂತ ಪೂರ್ತಿ ಒಂದು ಗೇಣು ಮುಂದೆ, ಒಂಟಿಯಾಗಿ.

"ಅರೆ, ಅಲ್ಲಿ ಇನ್ಯಾರೂ ಕಾಲಿಡೋದೇ ಇಲ್ಲವಲ್ಲ" ಎಂದ, ನನಗೇ ಹೇಳುವಂತೆ.

ಒಗುರಿಯ ಮಂಡಿ ಮೆತ್ತನೆ ಮಣ್ಣಿನಲ್ಲೇ ಬೆಳೆದದ್ದು. ಇಡೀ ದಿಬ್ಬ ಗಟ್ಟಿ ಮಾಡಿದರೆ ಅವನ ಕಾಲು ಹಾಳು. ಆದರೆ ಆ ಒಂದು ಒಂಟಿ ಜಾಗ? ಇನೋಕುಮಾ ಸೈಕಲ್ ಹತ್ತಿ ಹೆಂಚಿನ ಭಟ್ಟಿಗೆ ಹೋಗಿ ಕೆಂಪು ಜೇಡಿಮಣ್ಣು ತಂದ. ಎರಡು ಅಂಗೈ ಅಗಲದಷ್ಟು ಕಪ್ಪು ಮಣ್ಣು ತೆಗೆದು ಅಲ್ಲಿ ಜೇಡಿ ತುಂಬಿದ. ವೇಡ್‌ನನ್ನು ಕರೆದು, ಒಂದು ಮುಷ್ಟಿ ಅವನ ಕೈಗಿಟ್ಟು ಹಿಸುಕಿಸಿದ, ಬೆರಳಲ್ಲಿ ಚುಚ್ಚಿಸಿದ. ಆಮೇಲೆ ನನ್ನನ್ನು ಅವನ ಕೈಗೆ ಕೊಟ್ಟ.

"ಮೆಲ್ಲಗೆ" ಎಂದ, ಕೈಸನ್ನೆಯಲ್ಲೂ ತೋರಿಸಿ. "ಇದರ ಭಾರ ಇದೇ ಬೀಳಲಿ. ನೀವು ಎತ್ತಿದ್ರೆ ಸಾಕು."

ವೇಡ್ ಎತ್ತಿದ, ಬಿಟ್ಟ. ನಾನು ಬಿದ್ದೆ. ಎಷ್ಟು ಬೇಗ ಕಲಿತುಬಿಟ್ಟ ಗೊತ್ತೇ! ತಪ್ಪೆಲ್ಲ ಆತುರದ್ದೇ, ಕೈಯದ್ದಲ್ಲ.

ಆ ಜುಲೈನಲ್ಲಿ ವೇಡ್ ನಾಲ್ಕು ಪಂದ್ಯ ಗೆದ್ದ. ಹೊರಡು ಎಂದಿದ್ದ ತರಬೇತುದಾರ ಹೊಸ ಬಗೆಯ ಅಭ್ಯಾಸದಿಂದ ಹೀಗಾಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಾವು ಮೂವರೂ ಬಾಯಿ ಬಿಡಲಿಲ್ಲ. ಎದುರಾಳಿಗಳಲ್ಲಿ ಯಾರಾದರೂ ಕೊಕ್ಕರೆ ಕಾಲಿನವನು ಬಂದರೆ ಅವನಿಗೂ ಅದೇ ಲಾಭ ಸಿಗುತ್ತಿತ್ತು. ಮಣ್ಣು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬೇರೆ ಊರಿನ ಮೈದಾನಗಳಲ್ಲಿ ಮಾತ್ರ ವೇಡ್ ಏಟು ತಿಂದು ಬರುತ್ತಿದ್ದ. ಮನೇಲಿ ಹುಲಿ, ಬೀದೀಲಿ ಇಲಿ. ಆದರೂ ವರ್ಷ ವರ್ಷವೂ ಅವನನ್ನು ಉಳಿಸಿಕೊಂಡರು. ಅವನೂ ನಮ್ಮ ಭಾಷೆಯನ್ನು ಒಂದೊಂದೇ ಮಾತಾಗಿ ಕಲಿತ. ಪಟ್ಟಿಯ ಮುಂದೆ ಕೆರೆಯುವುದನ್ನು ಬಿಟ್ಟ. ಕೆಲವು ದಿನ ಬೆಳಗ್ಗೆ ಶೆಡ್ಡಿಗೆ ಬಂದು ಇನೋಕುಮಾನ ಜೊತೆ ಚಹಾ ಕುಡಿಯುವನು. ಅವನ ಬೂಟಿನ ತಳದಲ್ಲಿ ಕೆಂಪು ಮಣ್ಣು, ನನ್ನ ಹಿಡಿಯ ಸೀಳಿನಲ್ಲೂ ಕೆಂಪು ಮಣ್ಣು. ನೆಂಟಸ್ತನ ಎಂದರೆ ಇನ್ನೇನು?

ನಾಲ್ಕನೇ ವರ್ಷ ಒಂದು ಬೆಳಿಗ್ಗೆ, ಗುಂಡಿ ಮುಚ್ಚುವಾಗ, ಇನೋಕುಮಾನ ಕೈ ತಡೆಯಿತು. ವೇಡ್‌ನ ಹೆಜ್ಜೆ ಜೇಡಿಯ ಹಿಂದಿನ ಅಂಚಿಗೆ ಬಿದ್ದಿತ್ತು. ಹಿಮ್ಮಡಿಯ ಗುರುತು ಕಪ್ಪು ಮಣ್ಣಿನಲ್ಲಿ, ಬೆರಳಿನದು ಕೆಂಪಿನಲ್ಲಿ. ಎರಡು ಬೆರಳು ಕಡಿಮೆ.

ಪತ್ರಿಕೆಗಳಿಗೆ ಗೊತ್ತಿರಲಿಲ್ಲ, ತರಬೇತುದಾರನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಣ್ಣಿಗೆ, ನನಗೆ, ಇನೋಕುಮಾನಿಗೆ. ವೇಡ್‌ನ ಕಾಲಿಗೆ ವಯಸ್ಸಾಗುತ್ತಿತ್ತು.

ಹೇಳುತ್ತಾನೋ ಏನೋ ಎಂದು ಕುತೂಹಲದಿಂದ ಕಾದೆ. ಇನೋಕುಮಾ ಹೇಳಲಿಲ್ಲ. ಜೇಡಿಯನ್ನು ಅಗೆದು ಎರಡು ಬೆರಳು ಹಿಂದಕ್ಕೆ ತಂದು ಮತ್ತೆ ಬಡಿದ. ಮೇಲೆ ತೆಳ್ಳಗೆ ಕಪ್ಪು ಮಣ್ಣು ಉದುರಿಸಿದ. ವೇಡ್ ಮುಂದಿನ ಪಂದ್ಯ ಗೆದ್ದ. ಎರಡು ತಿಂಗಳ ನಂತರ ಇನ್ನೊಂದು ಬೆರಳು. ಚಳಿಗಾಲ ಕಳೆದು ಬಂದಾಗ ಒಮ್ಮೆಗೇ ಮೂರು. ಹೀಗೆ ಒಬ್ಬನ ಮುಪ್ಪನ್ನು ಅವನಿಗೇ ತಿಳಿಯದಂತೆ ನಾವಿಬ್ಬರು ಕದ್ದು ಹೊರುತ್ತಿದ್ದೆವು. ಆದರೆ ಹಿಂದೆ ಸರಿದಂತೆಲ್ಲ ಜೇಡಿ ಒಗುರಿಯ ಗುಂಡಿಯ ಕಡೆಗೆ ಬರುತ್ತಿತ್ತು. ಗೇಣಿದ್ದ ನಡುವಿನ ಜಾಗ ಕೊನೆಗೆ ಎರಡೇ ಬೆರಳಾಯಿತು.

ಆಮೇಲಿನ ಪಂದ್ಯದಲ್ಲಿ ವೇಡ್‌ನ ಹಿಮ್ಮಡಿ ಮತ್ತೆ ಕಪ್ಪಿಗೆ ಬಿತ್ತು.

ಮರುದಿನ ಬೆಳಿಗ್ಗೆ ಇನೋಕುಮಾ ನನ್ನನ್ನು ಹೊತ್ತು ದಿಬ್ಬಕ್ಕೆ ಹೋದರೆ ವೇಡ್ ಆಗಲೇ ಅಲ್ಲಿದ್ದ. ಒಬ್ಬನೇ, ಕುರಾಟಾ ಇಲ್ಲದೆ. ಬಿಳಿ ಪಟ್ಟಿಯಿಂದ ಬೂಟಿಗೆ ಬೂಟು ಹಚ್ಚಿ ಅಡಿಯಿಡುತ್ತ ಇಳಿದು, ಜೇಡಿಯ ಮೇಲೆ ನಿಂತ.

"ಇನೋಕುಮಾ-ಸಾನ್" ಎಂದ. ಸಾನ್ ಎಂದರೆ ನಿಮ್ಮ 'ಅವರೇ' ಎಂದಂತೆ. "ಮೊದಲ ವರ್ಷ ಏಳು ಬೂಟು. ಈಗ ಆರೂವರೆ. ನಾನು ಯಾವಾಗಲೂ ಅಳೀತಿದ್ದೆ. ಮಣ್ಣು ನಡೆಯಲ್ಲ. ನೀವು ತಂದ್ರಿ."

ಇನೋಕುಮಾ ತಲೆ ತಗ್ಗಿಸಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನನ್ನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆಮೇಲೆ ಮೆಲ್ಲಗೆ ಅಂದ: "ಇನ್ನೂ ಎರಡು ಬೆರಳು ಜಾಗ ಇದೆ, ವೇಡ್-ಸಾನ್."

"ಅದು ಒಗುರಿಯದು" ಎಂದ ವೇಡ್.

ನನಗೆ ಅತ್ತುಬಿಡಬೇಕೆನಿಸಿತು, ಮರಕ್ಕೆ ಆ ಅನುಕೂಲವಿಲ್ಲ. ವೇಡ್ ಮಂಡಿಯೂರಿ, ಐದು ವರ್ಷ ತನ್ನನ್ನು ನಿಲ್ಲಿಸಿದ್ದ ಜೇಡಿಯನ್ನು ತಾನೇ ಅಗೆದು ತೆಗೆದ. ಕಪ್ಪು ಮಣ್ಣು ತಂದು ತುಂಬಿ, ನೀರು ಚಿಮುಕಿಸಿ, ಒಂದು ಮುಷ್ಟಿ ಹಿಸುಕಿ, ಬೆರಳಲ್ಲಿ ಚುಚ್ಚಿದ. ಉಂಡೆ ಎರಡು ಹೋಳಾಯಿತು. ಇನೋಕುಮಾನ ಮುಖ ನೋಡಿದ. ಇನೋಕುಮಾ ತಲೆಯಾಡಿಸಿ ನನ್ನನ್ನು ಕೊಟ್ಟ.

ವೇಡ್ ಎತ್ತಿದ, ಬಿಟ್ಟ. ಎತ್ತಿದ, ಬಿಟ್ಟ. ಒಂದು ಏಟೂ ಹೆಚ್ಚಿಲ್ಲ.

ವಾರದ ನಂತರ ಅವನ ಕೊನೆಯ ಪಂದ್ಯ. ಮೆತ್ತನೆ ಮಣ್ಣಿನಲ್ಲೇ ಎಸೆದ, ಜಾರಿದ, ಮೂರನೇ ಸರದಿಗೇ ಅವನನ್ನು ಇಳಿಸಿ ಒಗುರಿಯನ್ನು ಕಳಿಸಿದರು. ಇಳಿಯುವ ಮುಂಚೆ ವೇಡ್ ತನ್ನ ಗುಂಡಿಯನ್ನು ಬೂಟಿನಿಂದ ಸವರಿ ಸರಿಮಾಡಿ, ಟೋಪಿ ತೆಗೆದು ಬಾಗಿದ. ಜನ ತಮಗೇ ನಮಸ್ಕಾರ ಮಾಡಿದನೆಂದು ಎದ್ದು ಚಪ್ಪಾಳೆ ಹೊಡೆದರು. ಹೊಡೆಯಲಿ ಪಾಪ.

ಈಗ ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ. ದಿಬ್ಬ ಬಡಿಯಲು ಪೆಟ್ರೋಲ್ ಕುಡಿಯುವ ಯಂತ್ರ ಬಂದಿದೆ. ಗದ್ದಲ ಬಹಳ, ಕಿವಿ ಕಮ್ಮಿ. ಇನೋಕುಮಾ ಕೆಲಸ ಬಿಡುವ ದಿನ ನನ್ನನ್ನು ತೊಳೆದು, ಎಣ್ಣೆ ಹಚ್ಚಿ, ಗೋಡೆಗೆ ಒರಗಿಸಿದ. ಧೂಳಿನ ಕಣ ಕಂಡರೂ ಸಹಿಸದ ಮನುಷ್ಯ ಅವನು. ನನ್ನ ಹಿಡಿಯ ಸೀಳಿನಲ್ಲಿ ಒಣಗಿ ಕುಳಿತಿದ್ದ ಕೆಂಪು ಮಣ್ಣಿನ ಮೇಲೆ ಹೆಬ್ಬೆರಳಿಟ್ಟ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಅದನ್ನು ಕೆರೆಯದೆ, ಹುರಿಯನ್ನು ಮತ್ತೊಮ್ಮೆ ಬಿಗಿದು ಹೋದ.