ರೇವತಿಯವರ ಮಷೀನಿನ ಚಕ್ರ

ಜೀವನ್ ಬಿಮಾ ನಗರದ ಗೋವಿಂದಮ್ಮನವರ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ, ಕಬ್ಬಿಣ ಕಡೆಯುವ ಒಂದು ಪುಟ್ಟ ಲೇತ್ ಇತ್ತು. ಅದು ಕೆಳಮನೆಯ ಬಾಡಿಗೆದಾರ ಶಿವಶರಣನದು. ಹುಮನಾಬಾದ್ ಕಡೆಯವನು, ವಿಮಾ ಕಚೇರಿಯಲ್ಲಿ ಗುಮಾಸ್ತ. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಆಫೀಸಿನಲ್ಲಿ ಫೈಲಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ, ಮನೆಗೆ ಬಂದರೆ ಅದೂ ಇಲ್ಲ. ಮುಚ್ಚಿಹೋದ ವರ್ಕ್‌ಶಾಪಿನಿಂದ ಅವನು ಆ ಲೇತ್ ತಂದದ್ದು, ನಿಜ ಹೇಳಬೇಕೆಂದರೆ, ಭಾನುವಾರ ಕಳೆಯುವುದಕ್ಕೆ.

ಒಂದು ಭಾನುವಾರ ಗೋವಿಂದಮ್ಮನವರೇ ರೇವತಿಯನ್ನು ಕರೆತಂದರು. ದೊಮ್ಮಲೂರಿನ ಹಳೇ ಊರಿನೊಳಗೆ ಬ್ಲೌಸು ಹೊಲಿಯುವ ಹೆಂಗಸು, ಗಂಡ ತೀರಿಕೊಂಡಿದ್ದ. ಮನೆ ಬದಲಾಯಿಸುವಾಗ ಆಟೋದಿಂದ ಬಿದ್ದು ಹೊಲಿಗೆ ಮಷೀನಿನ ಕೈಚಕ್ರ ಒಡೆದಿತ್ತು.

"ಅಮ್ಮನ ಕಾಲದ್ದು ಸಾರ್, ಫಾರಿನ್ ಮಷೀನು. ಈ ಅಳತೆ ಎಲ್ಲೂ ಸಿಗಲ್ಲ ಅಂತಾರೆ," ಎಂದು ಚೂರುಗಳನ್ನು ಸೆರಗಿನಿಂದ ತೆಗೆದಿಟ್ಟಳು.

"ಬೀಡು ಕಬ್ಬಿಣ ಅದರಿ. ಬೆಸುಗೆ ನಿಲ್ಲಂಗಿಲ್ಲ. ಹೊಸದು ಎರಕ ಹೊಯ್ಯಸಬೇಕು. ಮಾಡಿ ಕೊಡ್ತೀನಿ ತಗೋರಿ," ಎಂದ ಶಿವಶರಣ.

ಚೂರುಗಳನ್ನು ಅಂಟಿಸಿ, ಪುಟ್ಟಿ ಮೆತ್ತಿ ತುಸು ದಪ್ಪ ಮಾಡಿ, ಕೃಷ್ಣರಾಜಪುರದ ಆಚೆಯ ಎರಕದ ಶೆಡ್ಡಿಗೆ ಅಚ್ಚಿನ ಮಾದರಿಗೆಂದು ಕೊಟ್ಟು ಬಂದ. ಒರಟು ಚಕ್ರ ಬಂತು. ಮರುವಾರ ರೇವತಿ ನೋಡಲು ಬಂದಾಗ ಅವನು ಅದನ್ನು ಲೇತಿನ ನಾಲ್ಕು ದವಡೆಗಳ ನಡುವೆ ಕೂರಿಸುತ್ತಿದ್ದ. ವಾಲದೆ ತಿರುಗಬೇಕಲ್ಲ, ಒಂದು ದವಡೆ ಸಡಿಲಿಸಿ ಎದುರಿನದು ಬಿಗಿ ಮಾಡುವುದು, ಮತ್ತೆ ತಿರುಗಿಸಿ ನೋಡುವುದು.

"ನಾ ಸೀಮೆಸುಣ್ಣ ಹಿಡೀತೀನಿ, ನೀವು ಕೈಲೇ ತಿರುಗಸ್ರಿ," ಎಂದ. ಅವಳು ತಿರುಗಿಸಿದಳು. ಉಬ್ಬಿದ ಕಡೆ ಮಾತ್ರ ಬಿಳಿ ಗೆರೆ ಬಿತ್ತು. "ಅಯ್ಯೋ, ನಾನು ಬ್ಲೌಸಿಗೆ ಗುರುತು ಹಾಕಿದಂಗೇ ಇದೆ!" ಎಂದು ನಕ್ಕಳು. ಎರಕದ ಮೇಲಿನ ಸಿಪ್ಪೆ ಗಟ್ಟಿ, ಮೇಲೆ ಮೇಲೆ ಕೆರೆದರೆ ಉಳಿಯ ಮೊನೆಯೇ ಹೋಗುತ್ತದೆ, ಮೊದಲ ಸಲವೇ ಆಳಕ್ಕೆ ಇಳಿಯಬೇಕು ಎಂದು ಅವನು ಹೇಳಿದ. ಕರಿಪುಡಿ ಉದುರಿತು. ಇಬ್ಬರ ಮೂಗೂ ಕಪ್ಪಾಯಿತು. ಅವನ ಭಾಷೆಯನ್ನು ಅವಳು ಅಣಕಿಸಿದಳು, ಅವಳ ತಮಿಳು ಬೆರೆತ ಕನ್ನಡವನ್ನು ಅವನು. ಹೊರಡುವಾಗ "ಮುಂದಿನ ವಾರ ಆಗುತ್ತಾ ಸಾರ್?" ಎಂದಳು.

ಆ ಸಂಜೆಯೇ ಆಗಬಹುದಿತ್ತು. "ಇನ್ನಾ ಭಾಳ ಕೆಲಸ ಅದರಿ," ಎಂದುಬಿಟ್ಟ.

ಮರುವಾರ ಅವಳು ಟಿಫಿನ್ ಡಬ್ಬಿಯಲ್ಲಿ ಪುಳಿಯೋಗರೆ ತಂದಳು. ಅವನು ಕೂದಲೆಳೆಯಷ್ಟು ಕಬ್ಬಿಣ ತೆಗೆದು, ಗಂಟೆಗಟ್ಟಲೆ ಅಳೆದ. ಅದರಾಚೆಯ ವಾರ ಚಕ್ರ ಪೂರಾ ಆಗಿತ್ತು. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು, ಬೇರೊಂದು ಒರಟು ತುಂಡನ್ನು ಲೇತಿಗೆ ಹಾಕಿಕೊಂಡು ನಿಂತ. "ಅದು ಬಿರುಕು ಬಿಡ್ತರಿ. ಮತ್ತ ಎರಕ ಹೊಯ್ಯಸೀನಿ." ಅವಳು ಎಂದಿನಂತೆ ಶೆಡ್ಡಿನ ಬಾಗಿಲಲ್ಲಿ ಕೂತು ಮಾತಾಡಿ ಹೋದಳು. ಹೀಗೇ ದೀಪಾವಳಿ ಹತ್ತಿರ ಬಂತು.

ಹಬ್ಬದ ಹಿಂದಿನ ಭಾನುವಾರ ಅವಳು ಕೂರಲಿಲ್ಲ.

"ಸಾರ್, ಇನ್ನು ಕಷ್ಟಪಡಬೇಡಿ. ಪಕ್ಕದ ಮನೆಯವರು ಇಷ್ಟು ದಿನ ಹೊಲಿಯೋಕೆ ಕೊಟ್ಟಿದ್ದ ಅವರ ಮಷೀನು ವಾಪಸ್ ಇಸ್ಕೊಂಡ್ರು. ಹಬ್ಬದ ಬಟ್ಟೆ ಎಲ್ಲಾ ಉಳಿದುಹೋಯ್ತು. ಅಮ್ಮನ ಮಷೀನನ್ನ ಶಿವಾಜಿನಗರದಲ್ಲಿ ಹಳೇ ಮಷೀನ್ ಅಂಗಡಿ ಮಂಜೂರ್ ಭಾಯಿಗೆ ಕೊಟ್ಟು ಮೋಟರ್ ಮಷೀನ್ ತಂದೆ."

ಅವಳು ಅತ್ತ ಹೋದದ್ದೇ ತಡ, ಶಿವಶರಣ ಪೆಟ್ಟಿಗೆಯಿಂದ ಚಕ್ರ ತೆಗೆದುಕೊಂಡು ಶಿವಾಜಿನಗರಕ್ಕೆ ಓಡಿದ. ಮಂಜೂರ್ ಅಂಗಡಿಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದ.

"ವೋ ತೋ ಗಯಾ ಸಾಬ್, ಹೋಯ್ತು ಅದು. ಕಾಲು ಬೇರೆ, ತಲೆ ಬೇರೆ ಮಾಡಿ ಗುಜರಿಗೆ ಹಾಕ್ಬಿಟ್ಟೆ. ಚಕ್ರ ಇಲ್ದೇ ಇರೋದನ್ನ ಯಾರು ತಗೋತಾರೆ?"

ಅಲ್ಲಿಂದ ನೇರವಾಗಿ ದೊಮ್ಮಲೂರಿಗೆ ಹೋದ. ರೇವತಿ ಹೊಸ ಮಷೀನಿನ ಮುಂದೆ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತು ಚಕ್ರ ತೋರಿಸಿದ.

"ಇದು ಭಾಳ ದಿನದ ಹಿಂದೇ ಆಗಿತ್ತರಿ. ಬಿರುಕು ಬಿಟ್ಟಿರಲಿಲ್ಲ. ಕೊಟ್ಟರ ನೀವು ಬರಂಗಿಲ್ಲ ಅಂತ ಸುಳ್ಳು ಹೇಳಿದೆ."

ಅವಳು ಮೋಟರು ನಿಲ್ಲಿಸಿ, ಚಕ್ರ ಇಸಿದುಕೊಂಡು, ಅಂಚಿನ ಸುತ್ತ ಬೆರಳಾಡಿಸಿದಳು. ನುಣ್ಣಗಿತ್ತು.

"ನಾನು ಪುಳಿಯೋಗರೆ ತಂದಿದ್ದು ಚಕ್ರಕ್ಕಾ ಸಾರ್?" ಎಂದಳು ಕೊನೆಗೆ. "ಬನ್ನಿ ಅಂದಿದ್ರೆ ಸುಮ್ನೇ ಬರ್ತಿದ್ದೆ. ಅಮ್ಮನ ಮಷೀನೂ ಉಳೀತಿತ್ತು."

ಅವಳು ಚಕ್ರವನ್ನು ಕಿಟಕಿಯಲ್ಲಿಟ್ಟು, ಅರ್ಧವಾಗಿದ್ದ ಬ್ಲೌಸಿನ ತೋಳನ್ನು ಸೂಜಿಯ ಕೆಳಗೆ ತಳ್ಳಿದಳು.

ಭಾನುವಾರಗಳು ಬಂದವು, ಅವಳು ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಳು.

"ಚೆನ್ನಾಗಿದ್ದೀರಾ ಸಾರ್?"

"ಅದೀನ್ರಿ."

ಬಸ್ಸು ಬಂತು. ಅವನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಅವಳು ಹತ್ತಿ ಹಿಂತಿರುಗಿ ನೋಡಿದಾಗ, "ನಂದು ಇದಲ್ರಿ," ಎಂದು ಕೈಯಾಡಿಸಿ, ಕಂಬಕ್ಕೆ ಒರಗಿ ನಿಂತ.