ಪ್ರಶ್ನೆ ಕೇಳದ ಡಿಸ್ಕ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಇದು ಒಳ್ಳೆಯ ಗುಣವಲ್ಲ ಅಂತ ಅಣ್ಣ ಹೇಳುತ್ತಿದ್ದ. ಆಗ ಅವನಿಗೆ ಹೇಳಲು ಗಂಟಲಿತ್ತು.

ಆ ಕಾಲದಲ್ಲಿ ಒಂದು ಮಶೀನಿಗೆ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್, ಹಾಕುವುದೆಂದರೆ ಅರ್ಧ ದಿನದ ಗೋಳು. ಇನ್‌ಸ್ಟಾಲ್ ಡಿಸ್ಕ್ ತೂರಿಸಿ ಆನ್ ಮಾಡಿದರೆ ನೀಲಿ ಪರದೆ ಬರುತ್ತಿತ್ತು. ಒಳಗಿರುವುದು ಹೊಸ ನಮೂನೆಯ ಹಾರ್ಡ್ ಡಿಸ್ಕ್ ಆಗಿದ್ದರೆ ‘ಇಲ್ಲಿ ಹಾರ್ಡ್ ಡಿಸ್ಕೇ ಇಲ್ಲ’ ಅಂತ ಕೈಯೆತ್ತಿಬಿಡುತ್ತಿತ್ತು. ಗಿರ್ರನೆ ಸದ್ದು ಮಾಡುತ್ತಾ ತಿರುಗುತ್ತಿರುವ ವಸ್ತು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಅದನ್ನು ಗುರುತು ಹಿಡಿಯಲು ಡ್ರೈವರ್ ಅನ್ನುವ ಪುಟ್ಟ ಫೈಲು ಬೇಕು, ಅದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಸರಿಯಾದ ಕ್ಷಣಕ್ಕೆ ಸರಿಯಾದ ಕೀಲಿ ಒತ್ತಿ ಉಣಿಸಬೇಕು. ಫ್ಲಾಪಿಗಳೋ, ಬೇಕಾದಾಗಲೇ ಕೈಕೊಡುವ ಜಾತಿ. ಇದೆಲ್ಲ ಮುಗಿದರೆ ಪ್ರಶ್ನೆಗಳು ಶುರು: ಹೆಸರೇನು, ಯಾವ ಭಾಷೆ, ಗಡಿಯಾರ ಯಾವ ಊರಿನದು, ಯಾವ ಡಿಸ್ಕಿಗೆ ಹಾಕಲಿ, ಅಳಿಸಲಾ, ನಿಜವಾಗಿಯೂ ಅಳಿಸಲಾ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಒಂದೊಂದು ಪ್ರಶ್ನೆಗೂ ನಾನು ಹಲ್ಲು ಕಡಿಯುತ್ತಿದ್ದೆ.

ಅಣ್ಣ ಡ್ರೈವಿಂಗ್ ಕಲಿಸುವವನು. ಇಪ್ಪತ್ತೆರಡು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬಾಯಿ ಬಿಡುವಿಲ್ಲದೆ ಮಾತಾಡಿದ ಮಾತಿನ ಮಲ್ಲ. ಅವನ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಆದರೆ ಅದನ್ನು ಒತ್ತುವುದು ಗುರುವಿಗೆ ಅವಮಾನ ಅಂತ ಅವನ ಲೆಕ್ಕ. ‘ತಡಿ’ ಅನ್ನುವ ಒಂದೇ ಮಾತಿನಲ್ಲಿ ಗಾಡಿ ನಿಲ್ಲಿಸುತ್ತಿದ್ದ. ನಾನು ಕಲಿತದ್ದೂ ಅವನ ಹತ್ತಿರವೇ. ನಮ್ಮಿಬ್ಬರ ದನಿ ಒಂದೇ ಥರ. ಅತ್ತಿಗೆ ಅಂಗಡಿಗೆ ಫೋನ್ ಮಾಡಿದಾಗ ನಾನು ‘ಹಲೋ’ ಅಂದರೆ ಸಾಕು, “ರೀ, ನೀವಲ್ಲೇನು ಮಾಡ್ತಿದೀರಿ? ಊಟಕ್ಕೆ ಬರೋದು ಬಿಟ್ಟು!” ಅಂತ ನನಗೇ ಗದರುತ್ತಿದ್ದರು. ನಾನು ಸುಮ್ಮನೆ ಬೈಸಿಕೊಂಡು ಕೊನೆಗೆ ನಕ್ಕುಬಿಡುತ್ತಿದ್ದೆ.

ಆ ಗಂಟಲಿಗೇ ಗಡ್ಡೆ ಬಂತು. ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಕುತ್ತು ಅಂದರು ಡಾಕ್ಟರು. ಆಪರೇಷನ್ನಿಗೆ ಮೂರು ವಾರವಿತ್ತು. ಅವನ ದನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡೋಣ ಅಂದವನು ನಾನೇ. ಮೈಕ್ ತಂದೆ. ಅವರ ಹಳೇ ಕಂಪ್ಯೂಟರಿನ ಪುಟ್ಟ ಡಿಸ್ಕ್ ಆಗಲೇ ಗೊರಗೊರ ಅನ್ನುತ್ತಿತ್ತು. ಅದನ್ನು ಹಾಗೇ ಬಿಟ್ಟು, ಮಶೀನಿನೊಳಗೆ ಒಂದು ಕಾರ್ಡ್ ಹಾಕಿ ಅದಕ್ಕೆ ಹೊಸ ನಮೂನೆಯದೊಂದು ದೊಡ್ಡ ಡಿಸ್ಕ್ ಜೋಡಿಸಿದೆ.

“ಅತ್ತಿಗೆ, ಇದು ನಿಮ್ಮ ತಿಜೋರಿ,” ಅಂದೆ. “ಹಳೇದು ಹಾಳಾಗಿ ಓಎಸ್ ಮತ್ತೆ ಹಾಕಬೇಕಾಗಿ ಬಂದ್ರೂ ಇದಕ್ಕೇನೂ ಆಗಲ್ಲ. ಇನ್‌ಸ್ಟಾಲ್ ಡಿಸ್ಕಿಗೆ ಇದು ಕಾಣೋದೇ ಇಲ್ಲ. ಕಾಣದೇ ಇರೋದನ್ನ ಅಳಿಸೋದು ಹೇಗೆ?”

“ಇನ್ನೊಂದು ಕಡೆನೂ ಇಟ್ಕೊಳ್ಳೋದು ಒಳ್ಳೇದಲ್ವಾ?”

“ಏನೂ ಬೇಡ. ನಾನಿದೀನಲ್ಲ.”

ಮೂರು ವಾರ ಅಣ್ಣ ದಿನಾ ಮಧ್ಯಾಹ್ನ ಮೈಕಿನ ಮುಂದೆ ಕೂತ. ಮರೆಯದಿರಲೆಂದು ಒಂದು ನೋಟ್‌ಬುಕ್ಕಿನಲ್ಲಿ ಸಾಲುಸಾಲಾಗಿ ಬರೆದುಕೊಂಡಿದ್ದ. ಅತ್ತಿಗೆಯನ್ನು ಕರೆಯುವ ಬಗೆಗಳು: ಕೋಪ ಬಂದಾಗ, ಹಸಿವಾದಾಗ, ಕನ್ನಡಕ ಕಾಣದಾದಾಗ, ಬಾಗಿಲಲ್ಲಿ ಚಪ್ಪಲಿ ಬಿಡುವಾಗ. ಹೊಸತರಲ್ಲಿ ಅವರಿಗೆ ಗಾಡಿ ಕಲಿಸಲು ಹೋಗಿ ಎದುರು ಮನೆಯ ಗೇಟು ಮುರಿದ ಕತೆ. ಗ್ಯಾಸ್ ಆಫ್ ಮಾಡಿದೆಯಾ ಅಂತ ಮಲಗುವ ಮುಂಚೆ ಕೇಳುವ ದಿನದ ಪ್ರಶ್ನೆ. ಒಟ್ಟು ಹನ್ನೊಂದು ಗಂಟೆ. ಬೇರೆ ಎಲ್ಲೂ ಅವನ ದನಿ ಇರಲಿಲ್ಲ. ಮದುವೆ ಕ್ಯಾಸೆಟ್ಟಿನವನು ಶುರುವಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಸಿಟ್ಟಿದ್ದ.

ಆಪರೇಷನ್ ಆಯಿತು, ಅಣ್ಣ ಉಳಿದ. ಕುತ್ತಿಗೆಯಲ್ಲೊಂದು ತೂತು, ಕೈಯಲ್ಲೊಂದು ಸ್ಲೇಟು. ಮಧ್ಯಾಹ್ನದ ಊಟವಾದ ಮೇಲೆ ಗಂಡಹೆಂಡತಿ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಅರ್ಧ ಗಂಟೆ ಕೇಳುತ್ತಿದ್ದರು. ನಾನು ಒಮ್ಮೆ ಕಿಟಕಿಯಿಂದ ನೋಡಿದ್ದೆ. ಪೆಟ್ಟಿಗೆಯೊಳಗಿನ ಅಣ್ಣ ಬೈಯುತ್ತಿದ್ದ, ಕುರ್ಚಿಯಲ್ಲಿದ್ದ ಅಣ್ಣ ತುಟಿ ಆಡಿಸುತ್ತಿದ್ದ, ಅತ್ತಿಗೆ ಇಬ್ಬರಿಗೂ ಉತ್ತರ ಕೊಡುತ್ತಿದ್ದರು. ಜಗಳ ಮೊದಲಿನ ಹಾಗೇ ನಡೆದಿತ್ತು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಅದೇ ಹೊತ್ತಿಗೆ ನಾನು ನನ್ನದೇ ಒಂದು ಇನ್‌ಸ್ಟಾಲ್ ಡಿಸ್ಕ್ ತಯಾರಿಸಿದೆ. ಮೂಲ ಡಿಸ್ಕಿನಲ್ಲಿದ್ದುದನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿಕೊಂಡೆ. ಊರಲ್ಲಿ ಸಿಗುವ ಅಷ್ಟೂ ಬೋರ್ಡುಗಳ, ಅಷ್ಟೂ ಕಾರ್ಡುಗಳ ಡ್ರೈವರುಗಳನ್ನು ಹುಡುಕಿ ಅದರೊಳಗೆ ಹೊಲಿದೆ. ಫ್ಲಾಪಿಯ ಕಾಟ ತಪ್ಪಿತು. ಪ್ರಶ್ನೆಗಳ ಕಾಟ ತಪ್ಪಿಸಲು ಎಲ್ಲ ಉತ್ತರಗಳನ್ನೂ ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟೆ. ಅದರಲ್ಲಿ ಒಂದು ಸಾಲು: ಮೊದಲ ಡಿಸ್ಕನ್ನು ಅಳಿಸು, ಅಲ್ಲೇ ಇನ್‌ಸ್ಟಾಲ್ ಆಗು. ಮಶೀನನ್ನು ಎಬ್ಬಿಸುವ ಬೂಟ್ ಭಾಗ ಸರಿಯಾಗಿ ಕೂರದೆ ಆರು ಡಿವಿಡಿ ಹಾಳಾದವು. ಏಳನೆಯದನ್ನು ನಿಧಾನವಾಗಿ ಬರ್ನ್ ಮಾಡಿದೆ, ಅದು ಬೂಟ್ ಆಯಿತು. ಅಂಗಡಿಯಲ್ಲಿದ್ದ ಒಂಬತ್ತು ಮಶೀನುಗಳಲ್ಲಿ ಪರೀಕ್ಷೆ ಮಾಡಿದೆ, ಒಂಬತ್ತೂ ಪಾಸು. ಒಂಬತ್ತರಲ್ಲೂ ಇದ್ದದ್ದು ಒಂದೊಂದೇ ಹಾರ್ಡ್ ಡಿಸ್ಕ್. ಡಿವಿಡಿಯ ಮೇಲೆ ಮಾರ್ಕರಿನಲ್ಲಿ ‘ಪ್ರಶ್ನೆ ಕೇಳಲ್ಲ’ ಅಂತ ಬರೆದು ಬೀಗಿದೆ.

ಮುಂದಿನ ವಾರವೇ ಅಣ್ಣನ ಕಂಪ್ಯೂಟರ್ ಮಲಗಿತು. ಅತ್ತಿಗೆ ಫೋನ್ ಮಾಡಿದರು. ಹಳೇ ಡಿಸ್ಕಿನ ಓಎಸ್ ಕೆಟ್ಟಿತ್ತು, ಅಷ್ಟೆ. ನನಗೆ ಒಳಗೊಳಗೇ ಖುಷಿ, ನನ್ನ ಡಿವಿಡಿ ತೋರಿಸಬಹುದಲ್ಲ ಅಂತ. ತೂರಿಸಿದೆ, ಆನ್ ಮಾಡಿದೆ, ಕೈ ಕಟ್ಟಿ ಕೂತೆ.

“ನೋಡಣ್ಣಾ, ಇನ್ನು ಮುಟ್ಟೋ ಹಾಗೇ ಇಲ್ಲ. ಎಲ್ಲಾ ಅದೇ ಮಾಡ್ಕೊಳ್ಳುತ್ತೆ.”

ಅಣ್ಣ ಸ್ಲೇಟಿನಲ್ಲಿ ಬರೆದ: ‘ಕೇಳದೇನೇ?’

“ಕೇಳದೇನೇ! ಅದೇ ಅದರ ಮಜಾ.”

ಅವನು ಒರೆಸಿ ಮತ್ತೆ ಬರೆದ: ‘ನಮ್ಮ ಡಿಸ್ಕು?’

“ಅಯ್ಯೋ, ಅದಕ್ಕೆ ಕಾಣಲ್ಲ ಅಂದಿದ್ನಲ್ಲ. ನನ್ನ ಕೆಲಸ ನಂಗೆ ಗೊತ್ತಿಲ್ವಾ?” ಮೂಗಿನ ತುದಿಯ ಕೋಪ ನಾಲಿಗೆಗೆ ಇಳಿದಿತ್ತು. ಅಣ್ಣ ಬಳಪ ಎತ್ತಿದ, ಪರದೆ ನೋಡಿದ, ನನ್ನ ಮುಖ ನೋಡಿದ, ಬಳಪ ಕೆಳಗಿಟ್ಟ. ದನಿಯಿದ್ದಿದ್ದರೆ ‘ತಡಿ’ ಅನ್ನುತ್ತಿದ್ದ. ನಾನು ನಿಲ್ಲಿಸುತ್ತಿದ್ದೆ. ಆ ಮಾತಿಗೆ ನನ್ನ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತಿತ್ತು.

ಅತ್ತಿಗೆ ಟೀ ಕೊಟ್ಟರು. ನಲವತ್ತು ನಿಮಿಷ ನಾನು ಕೊಚ್ಚಿಕೊಂಡೆ. ಇನ್‌ಸ್ಟಾಲ್ ಮುಗಿಯಿತು. ಡಿಸ್ಕುಗಳ ಪಟ್ಟಿ ತೆರೆದೆ. ಹೊಸ ಓಎಸ್ ಕೂತಿದ್ದ ಡಿಸ್ಕಿನ ಅಳತೆ ಎಂಬತ್ತು ಜಿಬಿ ಅಂತಿತ್ತು. ಹಳೇ ಡಿಸ್ಕು ನಲವತ್ತರದ್ದು. ಎಂಬತ್ತರದ್ದು ತಿಜೋರಿ.

ಆ ಕಾರ್ಡಿನ ಡ್ರೈವರನ್ನೂ ನಾನು ಒಳಗೆ ಸೇರಿಸಿದ್ದೆ. ಯಾರ ಕಣ್ಣಿಗೂ ಬೀಳದ್ದು ಅಂತ ನಂಬಿ ಕೂತಿದ್ದ ಡಿಸ್ಕಿಗೆ ನಾನೇ ಕಣ್ಣು ತಂದು ಕೊಟ್ಟಿದ್ದೆ. ಕಂಡದ್ದಷ್ಟೇ ಅಲ್ಲ, ಕಾರ್ಡಿನ ಮೇಲಿದ್ದ ಕಾರಣ ಅದೇ ಮೊದಲನೆಯದಾಗಿ ಕಂಡಿತ್ತು. ಯಾವ ಡಿಸ್ಕು ಅಂತ ಒಮ್ಮೆ ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆಯನ್ನು ಕಿತ್ತು ಹಾಕಿದವನೂ ನಾನೇ.

“ಆಯ್ತಾ?” ಅಂದರು ಅತ್ತಿಗೆ. “ಹಾಗಿದ್ರೆ ಸ್ವಲ್ಪ ಹಾಕು, ಕೇಳೋಣ.”

“ಇಲ್ಲ ಅತ್ತಿಗೆ, ಆ ಡಿಸ್ಕು ಒಂದ್ಸಲ ಅಂಗಡೀಲಿ ಚೆಕ್ ಮಾಡ್ಬೇಕು,” ಅಂದೆ. ಡಿಸ್ಕು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಕಳ್ಳನ ಹಾಗೆ ಹೊರಬಿದ್ದೆ.

ಒಂಬತ್ತು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಹುಡುಕಿದೆ. ಅಳಿಸಿದ್ದನ್ನು ಮರಳಿ ತರುವ ಎಲ್ಲ ಸಾಫ್ಟ್‌ವೇರುಗಳನ್ನೂ ಓಡಿಸಿದೆ. ಖಾಲಿ ಡಿಸ್ಕಿನಲ್ಲಿ ಮೊದಲು ಬರೆದದ್ದು, ಅಂದರೆ ಅಣ್ಣನ ದನಿ, ಮೊದಲ ಸಾಲಿನಲ್ಲೇ ಕೂತಿರುತ್ತದೆ. ಓಎಸ್ ಕೂತದ್ದೂ ಅಲ್ಲೇ. ಅದೊಂದೇ ಆಗಿದ್ದರೆ ಅರ್ಧವಾದರೂ ಉಳಿಯುತ್ತಿತ್ತೋ ಏನೋ. ಅದರ ಹಿಂದೆಯೇ ನಾನು ತುರುಕಿದ್ದ ಡ್ರೈವರುಗಳ ದಂಡು ಬಂದು ಉಳಿದ ಜಾಗವನ್ನೂ ಮುಚ್ಚಿತ್ತು. ಊರಿನ ಎಲ್ಲ ಮಶೀನುಗಳಿಗೂ ಆಗುವಂಥವು, ಅಣ್ಣನ ಮಶೀನಿಗೆ ಬಹುತೇಕ ಬೇಡದಂಥವು.

ಒಂಬತ್ತನೇ ದಿನ ಒಂದು ತುಣುಕು ಸಿಕ್ಕಿತು. ಹದಿನಾಲ್ಕು ಸೆಕೆಂಡು. ಕುರ್ಚಿ ಎಳೆದ ಸದ್ದು, ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದು, ಆಮೇಲೆ ದೂರದಿಂದ, ಅಡುಗೆಮನೆಯಿಂದ, ಅತ್ತಿಗೆ: “ಟೀ ಆರಿ ಹೋಗ್ತಿದೆ ರೀ, ಬರ್ತೀರಾ?” ಅಣ್ಣ ಉತ್ತರ ಕೊಡುವ ಮೊದಲೇ ತುಣುಕು ಮುಗಿಯುತ್ತಿತ್ತು. ಅದನ್ನು ಎಷ್ಟು ಸಲ ಹಾಕಿದೆನೋ. ಪ್ರತಿ ಸಲವೂ ಈ ಸಲ ‘ಬಂದೆ’ ಅನ್ನುತ್ತಾನೆ ಅಂತ ಕಾಯುತ್ತಿದ್ದೆ. ಅಂಗಡಿಯ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ.

ಹೋಗಿ ಎಲ್ಲ ಹೇಳಿದೆ. ಆ ಹದಿನಾಲ್ಕು ಸೆಕೆಂಡು ಕೇಳಿಸಿದೆ. ಅತ್ತಿಗೆ ಕೊನೆಯವರೆಗೂ ಕೇಳಿದರು. “ಇದು ನನ್ನ ದನಿ,” ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಎದ್ದು ಒಳಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದರು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಅಣ್ಣನೇ ಅಂಗಡಿಗೆ ಬಂದ. ನೋಟ್‌ಬುಕ್ ತಂದಿದ್ದ. ಒಂದೊಂದು ಸಾಲಿನ ಕೆಳಗೂ ನೆನಪಾದಷ್ಟು ಮಾತು ತುಂಬಿಸಿದ್ದ, ಇಡೀ ಪುಸ್ತಕ ತುಂಬಿತ್ತು. ಸ್ಲೇಟಿನಲ್ಲಿ ಬರೆದ: ‘ನೀನು ಓದು. ನಿಂದೂ ನಂದೂ ದನಿ ಒಂದೇ ಅಲ್ವಾ.’

“ಬೇಡ ಅಣ್ಣಾ. ನನ್ ಕೈಲಾಗಲ್ಲ.”

ಅವನು ಒರೆಸಲಿಲ್ಲ. ಅದನ್ನೇ ಮತ್ತೆ ನನ್ನ ಮುಂದೆ ಹಿಡಿದ. ಕೇಳುತ್ತಿರುವವನು ಅಣ್ಣ, ಕೇಳುತ್ತಿರುವುದು ನಾನೇ ಕಳೆದದ್ದನ್ನು; ಇಲ್ಲ ಅನ್ನುವುದು ಹೇಗೆ? ಹೋದೆ.

ಮಧ್ಯಾಹ್ನ. ಅದೇ ಮೈಕು, ಅದೇ ಕುರ್ಚಿ. ಅತ್ತಿಗೆ ಅಡುಗೆಮನೆಯಲ್ಲಿದ್ದರು, ಅವರಿಗೆ ವಿಷಯ ಗೊತ್ತಿರಲಿಲ್ಲ. ಅಣ್ಣ ಎದುರು ಕೂತು ಮೊದಲ ಪುಟ ತೆರೆದು ಬೆರಳಿಟ್ಟ. ಕನ್ನಡಕ ಕಾಣದಾದಾಗ ಕರೆಯುವ ಬಗೆ. ನಾನು ಗಂಟಲು ಸರಿಮಾಡಿಕೊಂಡು ಓದಿದೆ:

“ಲೇ, ಎಲ್ಲಿ ಬಚ್ಚಿಟ್ಯೇ ಮಾರಾಯ್ತಿ, ನನ್ನ ಕನ್ನಡಕಾನ?”

ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ಅತ್ತಿಗೆ ಒದ್ದೆ ಕೈಯಲ್ಲೇ ಓಡಿ ಬಂದರು. “ರೀ?” ಅಂದರು. ಬಾಗಿಲಲ್ಲಿ ಆ ಒಂದು ಕ್ಷಣ ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ನನ್ನನ್ನು ನೋಡಿದರು, ಮೈಕನ್ನು ನೋಡಿದರು, ತುಟಿ ಅರ್ಧ ತೆರೆದು ಕೂತಿದ್ದ ಗಂಡನನ್ನು ನೋಡಿದರು.

ನಿಧಾನವಾಗಿ ಬಂದು ಮೈಕಿನ ತಂತಿ ಕಿತ್ತರು.

“ಥೇಟ್ ಅವರ ದನೀನೇ,” ಅಂದರು. “ಅದಕ್ಕೇ ಬೇಡ ಕಣಪ್ಪಾ. ಅವರದ್ದು ಇನ್ನೂ ಸ್ವಲ್ಪ ಕಿವೀಲಿ ಉಳಿದಿದೆ ನಂಗೆ. ದಿನಾ ಮಲಗೋ ಮುಂಚೆ ನೆನಪು ಮಾಡ್ಕೋತೀನಿ. ನೀನು ಮಾತಾಡ್ತಾ ಹೋದ್ರೆ ಅದರ ಮೇಲೆ ನಿಂದು ಬಂದು ಕೂತ್ಕೊಳ್ಳುತ್ತೆ. ಆಮೇಲೆ ಯಾವುದು ಯಾರದ್ದು ಅಂತ ನಂಗೇ ಗೊತ್ತಾಗಲ್ಲ.”

ನಾನು ‘ಸರಿ ಅತ್ತಿಗೆ’ ಅನ್ನಲು ಬಾಯಿ ತೆರೆದೆ. ಅವರು ಬೇಡ ಅನ್ನುವ ಹಾಗೆ ಒದ್ದೆ ಕೈ ಮುಂದೆ ಹಿಡಿದರು. ನಾನು ಬಾಯಿ ಮುಚ್ಚಿದೆ. ಅಣ್ಣ ತನ್ನ ಸ್ಲೇಟನ್ನು ಅಂಗಿಯ ತುದಿಯಿಂದ ಒರೆಸಿ, ಬಳಪದ ಸಮೇತ ನನ್ನ ಕಡೆ ಸರಿಸಿದ.

ಈಗಲೂ ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಫೋನ್ ಮಾಡುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋಗಿ ಕೂರುತ್ತೇನೆ. ಅಣ್ಣ ನನಗೂ ಒಂದು ಸ್ಲೇಟು ತಂದಿಟ್ಟಿದ್ದಾನೆ. ಅತ್ತಿಗೆ ಟೀ ತಂದು, ಸಕ್ಕರೆ ಸಾಕಾ ಅಂತ ಕೇಳುತ್ತಾರೆ. ನಾನು ‘ಸಾಕು’ ಅಂತ ಬರೆದು ತೋರಿಸುತ್ತೇನೆ.