ಇಟ್ಟಿಗೆ ಗೂಡಿನ ಕತ್ತೆಗೆ ಕಣ್ಣು ಬರೆದವಳು

ಪ್ರಾಣಿಗಳ ಚಿತ್ರ ಬರೆಯುವಾಗ ನನ್ನ ತಂಗಿ ಕಣ್ಣನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಮೈ, ಕಾಲು, ಬಾಲ ಎಲ್ಲ ಮುಗಿದ ಮೇಲೆ ಒಂದು ದಿನ ಬಿಟ್ಟು, ಮತ್ತೆ ಅದೇ ಪ್ರಾಣಿಯ ಮುಂದೆ ಹೋಗಿ ಕೂತು ಕಣ್ಣು ಬರೆಯುವಳು.

"ಮೈಯನ್ನ ಯಾರಿಗೆ ಬೇಕಾದ್ರೂ ತೋರಿಸ್ತವೆ ಅಕ್ಕಾ. ಕಣ್ಣು ತೋರಿಸೋಕೆ ಪರಿಚಯ ಆಗ್ಬೇಕು" ಎನ್ನುವಳು.

ಮನೆಯಲ್ಲಿ ನಾವಿಬ್ಬರೇ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅವಳು ಬೆಳಗಾದರೆ ಮಡಚುವ ಸ್ಟೂಲು, ಹಲಗೆ, ಬಣ್ಣದ ಡಬ್ಬಿ ಹಿಡಿದು ಬಯಲಿಗೆ ಹೊರಡುವವಳು. ಬಿಸಿಲಿಗೆ ಕಪ್ಪಾಗಿ, ಸೀರೆ ಅಂಚಿಗೆ ಮುಳ್ಳು ಹತ್ತಿಸಿಕೊಂಡು, ಹಸಿದು, ನಗುತ್ತಾ ಬರುತ್ತಿದ್ದಳು. ಇವಳು ಅದರ ನೆರಳು ಬರೆದು ಮುಗಿಸಲಿ ಎಂದು ಹಾಲಿನವಳು ಹಸುವನ್ನು ಕಾಲು ಗಂಟೆ ತಡವಾಗಿ ಬಿಚ್ಚುತ್ತಿದ್ದಳು. ಮೂವತ್ತು ವರ್ಷದ ಚಿತ್ರಗಳು ನನ್ನ ಮಂಚದ ಕೆಳಗೆ ತುಂಬಿದ್ದವು. ಕೇಳಿದವರಿಲ್ಲ.

ಹೋದ ವರ್ಷ ಅವಳು ಇಟ್ಟಿಗೆ ಗೂಡಿನ ಕತ್ತೆಯ ಹಿಂದೆ ಬಿದ್ದಳು. ಗೂಡಿನವನು ಅವಳಿಗೆ ಕೂರಲು, ನೆಲದ ಬಿಸಿ ತಾಗದಿರಲೆಂದು ಗೋಣಿಚೀಲ ಒದ್ದೆ ಮಾಡಿ ಮಡಿಸಿ ಹಾಕಿಡುತ್ತಿದ್ದನಂತೆ.

"ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ?" ಎಂದು ನಾನು ರೇಗಿಸಿದೆ.

"ಕಸ್ತೂರಿಗೆ ಕತ್ತೆ ವಾಸನೆ ಗೊತ್ತಾ? ಒಂದಿನ ಬಂದು ಕೂತು ನೋಡು."

ನಾನು ಹೋಗಲಿಲ್ಲ. ಒಂಬತ್ತು ದಿನ ಬರೆದಳು. ಕಣ್ಣು ಬರೆಯಬೇಕಾದ ದಿನ ಕತ್ತೆ ಹೊರೆಯ ಸಮೇತ ಕುಸಿದು ಸತ್ತುಹೋಗಿತ್ತು.

"ನೆನಪಿದೆಯಲ್ಲೇ, ಬರೆದು ಮುಗಿಸು" ಎಂದೆ.

"ನೆನಪಿಂದ ಬರೆದ್ರೆ ಅದು ನನ್ನ ಕಣ್ಣಾಗುತ್ತೆ, ಅದರದ್ದಾಗಲ್ಲ" ಎಂದಳು. ಎರಡು ಬಿಳೀ ಚುಕ್ಕೆಗಳು ಹಾಗೇ ಉಳಿದವು.

ಬೆಕ್ಕಿಗೆ ಔಷಧಿ ಕೊಡಲು ಬಂದ ಪಶುವೈದ್ಯರು ಚಿತ್ರಗಳನ್ನು ನೋಡಿ ಬೆರಗಾದರು. ಆಸ್ಪತ್ರೆಯ ಹೊಸ ಹಜಾರಕ್ಕೆ ಹಸು, ಮೇಕೆ, ಕತ್ತೆ ಮೂರೂ ಬೇಕೆಂದರು. "ಕತ್ತೇನ ಬಾಗಿಲಿನ ಎದುರಿಗೇ ಹಾಕ್ತೀನಿ. ಆದ್ರೆ ಕುರುಡು ಕತ್ತೆ ಹೇಗೆ ಹಾಕ್ಲಿ? ಕಣ್ಣು ಮುಗಿಸಿಕೊಡಿ."

"ಉಳಿದ ಎರಡು ತಗೊಳ್ಳಿ ಡಾಕ್ಟ್ರೇ, ಸಾಕು" ಎಂದಳು ತಂಗಿ. ಅವಳಿಗೆ ನಿಜವಾಗಿಯೂ ಅಷ್ಟೇ ಸಾಕಾಗಿತ್ತು. ಹಜಾರ ತೆರೆಯುವ ದಿನಕ್ಕೆಂದು ಸೀರೆ ತೆಗೆದು ಇಸ್ತ್ರಿ ಮಾಡಿಟ್ಟಳು. ಸಾಲದೆ ಇದ್ದದ್ದು ನನಗೆ. ಮೂವತ್ತು ವರ್ಷಕ್ಕೆ ಒಮ್ಮೆ ಬಂದ ಅವಕಾಶ, ಬಾಗಿಲಿನ ಎದುರಿನ ಗೋಡೆ!

ಚಿತ್ರಗಳನ್ನು ಒಯ್ಯಲು ಆಸ್ಪತ್ರೆಯ ಜೀಪು ಬಂದ ದಿನ ಅವಳು ಜ್ವರದಲ್ಲಿ ಮಲಗಿದ್ದಳು. ಕಾಲೇಜಿನಲ್ಲಿ ಎರಡು ವರ್ಷ ನಾನೂ ಚಿತ್ರಕಲೆ ಕಲಿತಿದ್ದೆ. ಅವಳ ಡಬ್ಬಿ ತೆರೆದೆ. ನಾನು ನೋಡಿಯೇ ಇರದ ಕತ್ತೆಗೆ ಇಪ್ಪತ್ತು ನಿಮಿಷದಲ್ಲಿ ದೊಡ್ಡ ಒದ್ದೆ ಕಣ್ಣುಗಳನ್ನು ಬರೆದೆ. ಅವಳಿಗೆ ಎಚ್ಚರವಾದೀತೆಂದು ಡ್ರೈವರ್ ಒಮ್ಮೆಯೂ ಹಾರನ್ ಮಾಡದೆ ಕಾದ.

ಹಜಾರದ ಉದ್ಘಾಟನೆಯ ದಿನ ಕತ್ತೆಯ ಮುಂದೆಯೇ ಜನ. "ಅಬ್ಬಾ, ಮಾತಾಡೋ ಹಾಗಿದೆ!" ಎಂದರೊಬ್ಬರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂಗಿ ನೋಡುತ್ತಾ ನಿಂತಳು.

"ಜ್ವರ ಇತ್ತು ನಿಂಗೆ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ ಕಣೇ" ಎಂದೆ.

ಅಷ್ಟರಲ್ಲಿ ಅವಳು ಕರೆದಿದ್ದ ಗೂಡಿನವನು ಒಗೆದ ಅಂಗಿ ತೊಟ್ಟು ಬಂದ. ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ ತಾಯಿ. ಯಾರ ಮನೆ ಕತ್ತೆ ಇದು?"

"ನಿಂದೇ ಕಣಪ್ಪಾ!" ಎಂದೆ ನಾನು.

ಅವನು ಗಾಬರಿಯಾಗಿ ತಲೆಯಾಡಿಸಿದ. "ಹೌದೌದು. ಕಿವಿ ನೋಡಿದ್ರೆ ಗೊತ್ತಾಗುತ್ತಲ್ಲ. ನಂಗೇ ವಯಸ್ಸಾಯ್ತು ನೋಡಿ." ನಮ್ಮ ಮಾನ ಉಳಿಸಲು ಆ ಪುಣ್ಯಾತ್ಮ ತನ್ನ ಕಣ್ಣಿಗೇ ದೋಷ ಹೊರಿಸಿಕೊಂಡ. ಆಮೇಲೆ ತಡೆಯಲಾರದೆ, "ನಂದು ಅಳೋ ಜಾತಿ ಅಲ್ಲ, ಒದೆಯೋ ಜಾತಿ" ಎಂದ.

"ಇದು ನಿಂದಲ್ಲಪ್ಪಾ, ನಮ್ಮಕ್ಕಂದು" ಎಂದಳು ತಂಗಿ.

ಮರುವಾರದಿಂದಲೇ ಬೇಡಿಕೆ ಶುರುವಾಯಿತು. ಸಾಕಿದ ನಾಯಿ, ಹಸು, ಕುದುರೆ, ಎಲ್ಲಕ್ಕೂ 'ಆ ಕತ್ತೆಯ ಥರದ' ಕಣ್ಣು. ಕಣ್ಣು ಬರೆದವಳು ಅಕ್ಕ ಎಂದು ಅವಳೇ ಹೇಳಿದಳು. ಡಾಕ್ಟರು, "ನಿಮ್ಮ ವಿನಯ ದೊಡ್ಡದು ಬಿಡಿ" ಎಂದು ನಕ್ಕುಬಿಟ್ಟರು.

ನಾನು ಅತ್ತು ಕ್ಷಮೆ ಕೇಳಿದೆ. "ಕೋಪ ಏನಿಲ್ಲ ಬಿಡು" ಎಂದಳು. ಸುಳ್ಳಲ್ಲ, ಈಗಲೂ ನನ್ನ ಸ್ನಾನಕ್ಕೆ ನೀರು ಕಾಯಿಸಿಟ್ಟು, ಕಾಲು ಜಾರದಿರಲೆಂದು ಬಚ್ಚಲು ಉಜ್ಜುತ್ತಾಳೆ. ಆದರೆ ಬಯಲಿಗೆ ಹೋಗುವುದಿಲ್ಲ. ಜನ ತಂದುಕೊಡುವ ಫೋಟೋ ನೋಡಿಕೊಂಡು, ಒಳಕೋಣೆಯಲ್ಲಿ ದೀಪ ಹಾಕಿ ಕೂತು, ಅರ್ಧ ದಿನದಲ್ಲಿ ಮೈ ಬರೆದು ಮುಗಿಸುತ್ತಾಳೆ. ಆಮೇಲೆ ಕರೆಯುತ್ತಾಳೆ: "ಅಕ್ಕಾ, ಕಣ್ಣು."

"ನೀನೇ ಬರಿ, ಕೈ ಮುಗೀತೀನಿ" ಎಂದು ಒಮ್ಮೆ ಬೇಡಿಕೊಂಡೆ.

"ಜನಕ್ಕೆ ಬೇಕಾಗಿರೋದು ನಿನ್ನವು. ನಂಗೆ ಈ ನಾಯಿ ಪರಿಚಯ ಇಲ್ಲ."

ನಿನ್ನೆ ಒಂದು ಎಮ್ಮೆಯ ಫೋಟೋ ಬಂದಿತ್ತು. ಬ್ರಷ್ಷು ಹಿಡಿದು, "ಇದು ಸಾಧುವೋ, ತುಂಟದ್ದೋ ಕೇಳಿದೆಯೇನೇ?" ಎಂದೆ.

ಅವಳು ತಟ್ಟೆಯ ಬಣ್ಣ ತೊಳೆಯುತ್ತಿದ್ದಳು. ತಿರುಗದೆಯೇ ಹೇಳಿದಳು:

"ಯಾವುದಾದ್ರೇನು? ಅಳೋ ಹಾಗೆ ಬರಿ."